ಕೂಲರ್ ನಿಲ್ಲಿಸಿದ ಮೇಲೆ ಚೇತರಿಸಿಕೊಂಡ ಜರ್ಬಿಲ್‌ಗಳು

ರಾಯಚೂರಿನಿಂದ ವರ್ಗವಾಗಿ ಹೊರಟ ಕುಟುಂಬವೊಂದು ಬಿಟ್ಟುಹೋದ, ಇಲಿಯಂಥ ಪುಟ್ಟ ಸಾಕುಪ್ರಾಣಿಗಳಾದ ಎರಡು ಮಂಗೋಲಿಯನ್ ಜರ್ಬಿಲ್‌ಗಳನ್ನು ಮಾರ್ಚ್‌ನಲ್ಲಿ ಮನೆಗೆ ತಂದಿದ್ದೆ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ, ಪಾಪದ ಜೀವಗಳಿಗೆ ತಂಪಾಗಲೆಂದು ಪಂಜರವನ್ನು ನೀರಿನ ಕೂಲರ್‌ನ ಎದುರಿಗೇ ಇಟ್ಟೆ. ವಾರ ಕಳೆಯುವಷ್ಟರಲ್ಲಿ ಅವುಗಳ ರೋಮ ಎಣ್ಣೆ ಹಚ್ಚಿದಂತೆ ಅಂಟಿಕೊಂಡು, ಮೂಗಿನ ಸುತ್ತ ಕೆಂಪು ಕಲೆ ಕಾಣಿಸಿಕೊಂಡಿತು.

ರಕ್ತವೆಂದೇ ಗಾಬರಿಯಾಗಿ ಪಶುವೈದ್ಯರಲ್ಲಿಗೆ ಒಯ್ದೆ. ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪೋರ್ಫಿರಿನ್ ಎಂಬ ಕೆಂಪು ದ್ರವ್ಯವೆಂದೂ, ಒಣ ಹುಲ್ಲುಗಾವಲಿನ ಈ ಪ್ರಾಣಿಗೆ ತೇವ ಆಗಿಬರುವುದಿಲ್ಲವೆಂದೂ, ಪಂಜರದ ಕಂಬಿ ಕಡಿದು ಮೂಗು ತರಚಿದೆಯೆಂದೂ ಅವರು ವಿವರಿಸಿ ಮುಲಾಮು ಕೊಟ್ಟರು. ನನ್ನ ಕಾಳಜಿಯೇ ಕಾಯಿಲೆಯಾಗಿತ್ತು.

ಅಂದೇ ಕೂಲರ್ ನಿಲ್ಲಿಸಿ, ಬಿಸಿಲು ತಾಗದ ಒಳಕೋಣೆಯಲ್ಲಿ ಮೀನು ಸಾಕುತ್ತಿದ್ದ ಹಳೆಯ ಗಾಜಿನ ತೊಟ್ಟಿಗೆ ಜಾಲರಿ ಮುಚ್ಚಳ ಹಾಕಿಸಿ, ಅದರೊಳಗೆ ಮುದ್ರಣವಿಲ್ಲದ ಕಾಗದದ ಚೂರು ಹಾಗೂ ಒಣಹುಲ್ಲನ್ನು 25 ಸೆಂಟಿಮೀಟರ್ ಆಳಕ್ಕೆ ಒತ್ತಿ ತುಂಬಿದೆ. ತಂಪಿಗೆ ಒಂದು ಫರಸಿ ಕಲ್ಲಿನ ತುಂಡು ಸಾಕಾಯಿತು. ಮಧ್ಯಾಹ್ನ ಎರಡೂ ಅದರ ಮೇಲೆ ಹೊಟ್ಟೆಯೂರಿ ಮಲಗುತ್ತವೆ. ಹೊಳೆಯ ಮರಳನ್ನು ತೊಳೆದು, ಬಾಣಲೆಯಲ್ಲಿ ಹುರಿದು, ಆರಿದ ಮೇಲೆ ಜರಡಿ ಹಿಡಿದು ಬಟ್ಟಲಲ್ಲಿ ಇಟ್ಟೆ. ಅದರಲ್ಲಿ ಹೊರಳಾಡಿ ಹೊರಳಾಡಿ ರೋಮದ ಜಿಡ್ಡನ್ನು ತಾವೇ ಕಳೆದುಕೊಂಡವು. ಸಾಗಿಸುವಾಗ ಬಾಲ ಹಿಡಿಯಲಿಲ್ಲ. ಹಿಡಿದರೆ ಅದರ ಚರ್ಮವೇ ಕಳಚಿ ಬರಬಹುದು.

ಮೊದಲ ರಾತ್ರಿಯೇ ಸುರಂಗ ತೋಡಿದವು, ಕಂಬಿಯಿಲ್ಲದ್ದರಿಂದ ಕಡಿತ ನಿಂತಿತು, ಮೂರನೆಯ ವಾರಕ್ಕೆ ಮೂಗಿನ ಮೇಲೆ ಹೊಸ ಕೂದಲು ಮೂಡಿತು.