ಫೋಟೋ ಕಪ್ಪಗೆ ಬರದಂತೆ ಹಾಫ್‌ಟೋನ್ ಸ್ಕ್ರೀನ್ ಮಾಡಿಕೊಳ್ಳುವುದು

ಕಾಟನ್‌ಪೇಟೆಯ ನಮ್ಮ ಪುಟ್ಟ ಅಂಗಡಿಯಲ್ಲಿ ವೈಕುಂಠ ಸಮಾರಾಧನೆ ಪತ್ರಗಳೇ ಜಾಸ್ತಿ. ಹೋದವರ ಕೆನ್ನೆ ಮಸಿಯಂತೆ ಬಂದರೆ ಮನೆಯವರಿಗೆ ಎಷ್ಟು ನೋವಾಗುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ನಮ್ಮ 600 ಡಿಪಿಐ (ಇಂಚಿಗೆ 600 ಚುಕ್ಕಿ) ಲೇಸರ್ ಪ್ರಿಂಟರ್‌ಗೆ ಹೊಂದುವ ಸ್ಕ್ರೀನನ್ನು, ಅಂದರೆ ಯಾವ ಬೂದು ಬಣ್ಣಕ್ಕೆ ಎಲ್ಲೆಲ್ಲಿ ಕಪ್ಪು ಚುಕ್ಕಿ ಇಡಬೇಕೆಂದು ಹೇಳುವ ಕೋಷ್ಟಕವನ್ನು, ನಾನೇ ಮಾಡಿಕೊಂಡೆ.

ಮೊದಲು ಮೆಷಿನ್ನನ್ನು ಅಳೆಯಿರಿ. ಕಂಪ್ಯೂಟರ್‌ನಲ್ಲಿ ಚುಕ್ಕಿ ಚೌಕ, ಸುಮಾರು 42 ಮೈಕ್ರಾನ್. ಕಾಗದದ ಮೇಲೆ ಅದು ದುಂಡಗೆ ಹರಡುತ್ತದೆ. ಆ ಚೌಕದ ಮೂಲೆಗಳನ್ನೂ ಮುಚ್ಚಬೇಕಾದರೆ ದುಂಡು ಚುಕ್ಕಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಜಾಗ ತಿನ್ನಬೇಕು. ಇನ್ನು ಒಂಟಿ ಚುಕ್ಕಿಗೆ ಕೆಲವೊಮ್ಮೆ ಟೋನರ್ ಅಂಟುವುದೇ ಇಲ್ಲ.

ಒಂಟಿ, ಜೋಡಿ, ನಾಲ್ಕರ ಗುಂಪು, ಚದುರಂಗದ ಮಣೆ, ಅಡ್ಡ ಗೆರೆ, ಉದ್ದ ಗೆರೆ, ಸುಮ್ನೆ ಚೆಲ್ಲಿದ ಚುಕ್ಕಿಗಳು: ಇಷ್ಟನ್ನೂ ನೀವು ದಿನಾ ಬಳಸುವ ಕಾಗದದಲ್ಲೇ ತೆಗೆಯಿರಿ. ಒಂದು ಬಿಟ್‌ನ (ಬೂದು ಇಲ್ಲದ, ಬರೀ ಕಪ್ಪು ಬಿಳುಪಿನ) ಚಿತ್ರವನ್ನೇ ಕಳಿಸಿ, 100 ಪರ್ಸೆಂಟ್ ಅಳತೆಯಲ್ಲಿ. ಇಲ್ಲದಿದ್ದರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್ (ಡ್ರೈವರ್) ತನ್ನ ಚುಕ್ಕಿಗಳನ್ನು ತುರುಕುತ್ತದೆ. ಆಟೋ ಕರೆಕ್ಷನ್ ಆಫ್ ಮಾಡಿ ಸ್ಕ್ಯಾನ್ ಮಾಡಿ. ಸುತ್ತಲಿನ ಎಂಟು ಚೌಕಗಳನ್ನು ನೋಡಿ ನಡುವಿನದು ಎಷ್ಟು ಕಪ್ಪಾಗುತ್ತದೆ ಎಂಬ ಪಟ್ಟಿ ತಯಾರಿಸಿ.

ಈಗ ಜೆನೆಟಿಕ್ ಅಲ್ಗಾರಿದಮ್: ಹಲವು ಕೋಷ್ಟಕಗಳಿಗೆ ಅಂಕ ಕೊಟ್ಟು, ಒಳ್ಳೆಯವನ್ನು ಉಳಿಸಿ, ಬೆರೆಸಿ, ಸ್ವಲ್ಪ ಬದಲಿಸಿ, ಮತ್ತೆ ಮತ್ತೆ ಆರಿಸುವ ಕಂಪ್ಯೂಟರ್ ವಿಧಾನ. ಒಂದೊಂದು ಜೀವಿಯೂ 16×16 ಮನೆಗಳ ಕೋಷ್ಟಕ. 0ಯಿಂದ 255ರವರೆಗಿನ ಸಂಖ್ಯೆಗಳು ಒಂದೊಂದು ಸಲ ಮಾತ್ರ. ಫೋಟೋದ ಆ ಜಾಗದ ಕಪ್ಪು ಮನೆಯ ಸಂಖ್ಯೆಯನ್ನು ಮೀರಿದರೆ ಅಲ್ಲಿ ಚುಕ್ಕಿ ಬೀಳುತ್ತದೆ. ನಾನು 40 ಜೀವಿಗಳಿಂದ ಶುರು ಮಾಡಿದೆ. ರಾಬರ್ಟ್ ಯುಲಿಚ್ನಿ 1993ರಲ್ಲಿ ಕೊಟ್ಟ ವಾಯ್ಡ್ ಆಂಡ್ ಕ್ಲಸ್ಟರ್ (ಚುಕ್ಕಿಗಳನ್ನು ಗುಂಪಾಗದಂತೆ ಸಮನಾಗಿ ಹರಡುವ) ವಿಧಾನದ ಕೋಷ್ಟಕವನ್ನೂ ಅದರಲ್ಲಿ ಸೇರಿಸಿದ್ದೆ. ಎರಡು ಕೋಷ್ಟಕಗಳನ್ನು ಕತ್ತರಿಸಿ ಅಂಟಿಸಬೇಡಿ, ಸಂಖ್ಯೆಗಳು ಮರುಕಳಿಸುತ್ತವೆ. ಅರ್ಧ ಮನೆಗಳನ್ನು ತಾಯಿಯಿಂದ ಹಾಗೇ ಇಳಿಸಿ, ಉಳಿದ ಸಂಖ್ಯೆಗಳನ್ನು ತಂದೆಯ ಕ್ರಮದಲ್ಲಿ ತುಂಬಿ. ಮ್ಯುಟೇಷನ್‌ಗೆ ಎರಡು ಮನೆ ಅದಲು ಬದಲು ಮಾಡಿದರೆ ಸಾಕು.

ಅಂಕ ಕೊಡುವುದೇ ಇಲ್ಲಿ ನಿಜವಾದ ಕೆಲಸ. ಬೇರೆ ಬೇರೆ ಬೂದು ಮಟ್ಟಗಳಿಗೆ ಚುಕ್ಕಿ ಇಡಿಸಿ, ನಿಮ್ಮ ಪಟ್ಟಿಯ ಮೂಲಕ ಹಾಯಿಸಿ, 30 ಸೆಂಟಿಮೀಟರ್ ದೂರದ ಕಣ್ಣಿಗೆ ಕಾಣುವಷ್ಟು ಮಸುಕು ಮಾಡಿ. ಉಳಿಯುವ ಒರಟುತನ ಕಡಿಮೆಯಿದ್ದಷ್ಟೂ ಅಂಕ ಜಾಸ್ತಿ. ಕೋಷ್ಟಕದ ಎಡ ಅಂಚು ಬಲಕ್ಕೆ, ಮೇಲಂಚು ಕೆಳಗೆ ಕೂಡುತ್ತದೆ ಎಂದೇ ಲೆಕ್ಕ ಹಾಕಿ. ಒಟ್ಟಾರೆ ಕಪ್ಪು ಏರಿದ್ದರೆ ಆಮೇಲೆ ಬೂದು ಮಟ್ಟಗಳನ್ನು ಏರಿಳಿಸುವ ಟೋನ್ ಕರ್ವ್‌ನಿಂದ ಸರಿಹೋಗುತ್ತದೆ. ಅದಕ್ಕೆ ಅಂಕ ಕಳೆಯಬೇಡಿ.

ನನ್ನ ಮೊದಲ ಸ್ಕ್ರೀನ್ ಒಂಟಿ ಚುಕ್ಕಿಗಳನ್ನೇ ಆರಿಸಿತ್ತು. ಮಳೆಗಾಲದಲ್ಲಿ ಕಾಗದ ತೇವ ಹಿಡಿದಾಗ ಹಣೆಯ ಮೇಲಿನ ಚುಕ್ಕಿಗಳೇ ಉದುರಿಹೋದವು. ಈಗ ಒಂದೇ ಮಾದರಿಯನ್ನು ಹಾಳೆಯ ನಾಲ್ಕೂ ಮೂಲೆಯಲ್ಲಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ತೆಗೆಯುತ್ತೇನೆ. ಹೆಚ್ಚು ಏರುಪೇರಾಗುವ ಮಾದರಿಗೆ ಅಂಕ ಕಡಿತ.

ಗೆದ್ದ ಸ್ಕ್ರೀನಿನಲ್ಲಿ ಒಂದು ಮುಖ ಪ್ರಿಂಟ್ ಮಾಡಿ, ಹಳೆಯದರ ಪಕ್ಕ ಹಿಡಿದು, ಬಾಗಿಲ ಬೆಳಕಿನಲ್ಲಿ ನೋಡಿ. ಕಾರ್ಟ್ರಿಡ್ಜ್ ರೀಫಿಲ್ ಮಾಡಿಸಿದ ದಿನ ಅಳತೆ ಹಾಳೆಯನ್ನು ಮತ್ತೆ ತೆಗೆಯಿರಿ.