ಹೆಬ್ಬೆರಳು ಮಡಿಯದಿದ್ದರೆ ಬೆನ್ನು ದುಡಿಯುತ್ತದೆ

ಬೆನ್ನು ನೋವು ಬಂದರೆ ಎಲ್ಲರೂ ಸೊಂಟ ಒತ್ತಿಕೊಳ್ಳುತ್ತಾರೆ. ಪಾದದ ಕಡೆ ನೋಡುವವರು ಕಡಿಮೆ. ಒಂದು ಪಾದದಲ್ಲಿ 26 ಮೂಳೆ, 33 ಕೀಲುಗಳಿವೆ. ಹಿಮ್ಮಡಿ ಊರಿದಾಗ ಪಾದ ಸಡಿಲವಾಗಿ ನೆಲಕ್ಕೆ ಹೊಂದಿಕೊಳ್ಳಬೇಕು. ಮರುಗಳಿಗೆಯಲ್ಲೇ ಸನ್ನೆಗೋಲಿನ ಹಾಗೆ ಗಟ್ಟಿಯಾಗಿ ಮೈಯನ್ನು ಮುಂದಕ್ಕೆ ತಳ್ಳಬೇಕು. ನಿಮ್ಮ ಪಾದ ಈ ಎರಡನ್ನೂ ಮಾಡುತ್ತಿದೆಯಾ? ಮನೆಯಲ್ಲೇ ನೋಡಬಹುದು.

ಮೊದಲು ಹೆಬ್ಬೆರಳು. ಬರಿಗಾಲಲ್ಲಿ ನೆಟ್ಟಗೆ ನಿಲ್ಲಿ. ಮನೆಯವರು ಯಾರಾದರೂ ನಿಮ್ಮ ಹೆಬ್ಬೆರಳನ್ನು ಮೆಲ್ಲಗೆ ಮೇಲೆತ್ತಲಿ. ನೀವು ಸುಮ್ನೆ ನಿಂತಿರಿ, ಸಹಾಯ ಮಾಡಬೇಡಿ. ಬೆರಳು ಎದ್ದ ಹಾಗೆ ಪಾದದ ಒಳಬದಿಯ ಕಮಾನೂ ಏಳಬೇಕು. ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಬೆರಳು ಮೇಲಕ್ಕೆ ಮಡಿದಾಗ ಅದು ರಾಟೆಗೆ ಸುತ್ತಿದ ಹಗ್ಗದಂತೆ ಬಿಗಿಯುತ್ತದೆ, ಪಾದ ಗಟ್ಟಿಯಾಗುತ್ತದೆ. 1954ರಲ್ಲಿ ಹಿಕ್ಸ್ ಎಂಬುವರು ಇದನ್ನು ವಿವರಿಸಿದರು. ಇದಕ್ಕೆ ‘ವಿಂಡ್‌ಲಾಸ್’ ಎಂಬ ಹೆಸರಿದೆ. ಬೆರಳು ಏಳದೆ ಸೆಟೆದು ನಿಂತರೆ ಆ ಹಗ್ಗ ಬಿಗಿಯುವುದೇ ಇಲ್ಲ.

ಆಮೇಲೆ ಕಣಕಾಲು. ಗೋಡೆಯಿಂದ ಸುಮಾರು 10 ಸೆಂ.ಮೀ. ದೂರದಲ್ಲಿ ಬೆರಳುಗಳನ್ನಿಡಿ. ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಮುಟ್ಟದಿದ್ದರೆ ಗಾಬರಿ ಬೇಡ. ಎರಡು ಕಾಲಿನ ನಡುವೆ ಜಾಸ್ತಿ ವ್ಯತ್ಯಾಸ ಇದೆಯಾ ಎಂಬುದನ್ನು ಬರೆದಿಟ್ಟುಕೊಳ್ಳಿ.

ಈಗ ನಡಿಗೆ. ಪಕ್ಕದಿಂದೊಮ್ಮೆ, ಹಿಂದಿನಿಂದೊಮ್ಮೆ ಮೊಬೈಲಿನಲ್ಲಿ ವಿಡಿಯೊ ಮಾಡಿಸಿ. ಮೊದಲ ಹತ್ತು ಹೆಜ್ಜೆ ಲೆಕ್ಕಕ್ಕಿಲ್ಲ. ಕ್ಯಾಮೆರಾ ಕಂಡರೆ ಎಲ್ಲರೂ ಕವಾಯತು ಮಾಡುತ್ತಾರೆ! ನಿಧಾನಗತಿಯಲ್ಲಿ ನೋಡಿ. ಹಿಂದಿನ ಕಾಲು ಸೊಂಟಕ್ಕಿಂತ ಹಿಂದೆ ಚಾಚುತ್ತಿದೆಯಾ? ಬೆರಳೋ ಕಣಕಾಲೋ ಮಡಿಯದಿದ್ದರೆ ತೊಡೆ ಅಷ್ಟು ಹಿಂದೆ ಹೋಗದು. ಆಗ ಕೆಲವರು ಮುಂದಕ್ಕೆ ವಾಲುತ್ತಾರೆ, ಕೆಲವರು ಪಾದವನ್ನು ಹೊರಗೆ ತಿರುಗಿಸುತ್ತಾರೆ, ಕೆಲವರು ಕೆಳಬೆನ್ನನ್ನೇ ಬಾಗಿಸುತ್ತಾರೆ. ಹೆಜ್ಜೆ ಹೆಜ್ಜೆಗೂ ಹೀಗಾದರೆ ಬೆನ್ನು ದಣಿಯದೆ ಇರುತ್ತದಾ?

ಕೈಗಳನ್ನೂ ಗಮನಿಸಿ. ಬಲಗಾಲು ಮುಂದೆ ಬಂದಾಗ ಎಡಗೈ ಮುಂದೆ ಬರಬೇಕು. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ತಿರುಗುವುದರಿಂದ ಬೆನ್ನುಮೂಳೆ ತುಸು ಹುರಿಗೊಳ್ಳುತ್ತದೆ. ಕೆಳಬೆನ್ನಿನ ಐದು ಮೂಳೆಗಳು ಬಾಗಲು ಚುರುಕು, ತಿರುಗಲು ಸೋಮಾರಿ. ತಿರುಗುವ ಕೆಲಸ ಹೆಚ್ಚಾಗಿ ಎದೆಯ ಹಿಂಭಾಗದ್ದು. ಒಂದು ಕೈ ಆಡದಿದ್ದರೆ, ಅದರಲ್ಲಿ ಚೀಲ ಹಿಡಿದಿದ್ದಿರಾ ಅಂತ ಮೊದಲು ನೋಡಿ.

ಚಪ್ಪಟೆ ಪಾದ ಕಂಡರೆ ಅದೇ ಕಾಯಿಲೆ ಅಂದುಕೊಳ್ಳಬೇಡಿ. ನೋವಿಲ್ಲದೆ ಆರಾಮಾಗಿ ಓಡಾಡುವವರು ಬೇಕಾದಷ್ಟಿದ್ದಾರೆ. ಕಾಲು ಮರಗಟ್ಟುತ್ತಿದ್ದರೆ, ಶಕ್ತಿ ಕುಂದಿದ್ದರೆ ಮಾತ್ರ ಈ ಪರೀಕ್ಷೆಗಳನ್ನೆಲ್ಲ ಬಿಟ್ಟು ನೇರ ವೈದ್ಯರ ಬಳಿ ಹೋಗಿ. ಉಳಿದವರು ಶೂ ಹಾಕಿಕೊಂಡು ಇನ್ನೊಂದು ವಿಡಿಯೊ ಮಾಡಿ, ಬರಿಗಾಲಿನದರ ಪಕ್ಕ ಇಟ್ಟು ನೋಡಿ.