ಮನೆಯ ಬರಿ ಹಿಡಿದು ಪ್ರೊಲಾಗ್ ಕಲಿತದ್ದು

ಪ್ರೊಲಾಗ್ ಅಂದರೆ ಸಂಗತಿ, ನಿಯಮ ಬರೆದಿಟ್ಟು ಪ್ರಶ್ನೆ ಕೇಳುವ ಪ್ರೋಗ್ರಾಮಿಂಗ್ ಭಾಷೆ. ಅದನ್ನು ಕಲಿಸುವ ಹೆಚ್ಚಿನ ಪುಸ್ತಕಗಳಲ್ಲಿ ಮೊದಲ ಮಾದರಿ ಪ್ರೋಗ್ರಾಂ ಒಂದು ಕುಟುಂಬದ್ದೇ. ಅಪ್ಪ ಯಾರು, ಅಜ್ಜ ಯಾರು, ಇಷ್ಟೇ. ಟೈಪ್ ಮಾಡಿದರೆ ಓಡುತ್ತದೆ, ಆದರೆ ತಲೆಗೆ ಏನೂ ಹತ್ತುವುದಿಲ್ಲ. ಉತ್ತರ ಸರಿಯೋ ತಪ್ಪೋ ಎಂದು ನೋಡಲು ಆ ಮನೆಯವರು ನಮಗೆ ಗೊತ್ತಿರಬೇಕಲ್ವಾ?

ನಾನು ಮಂಗಳೂರಿನವನು. ನಮ್ಮದು ಅಳಿಯಸಂತಾನದ ಮನೆ, ಬರಿ (ಗೋತ್ರದಂಥ ವಂಶದ ಗುರುತು) ತಾಯಿಯಿಂದ ಬರುತ್ತದೆ. ಒಂದೇ ಬರಿಯವರು ಮದುವೆಯಾಗುವಂತಿಲ್ಲ. ಹಾಗಾಗಿ ಪುಸ್ತಕದ ಅಪ್ಪ-ಅಜ್ಜನನ್ನು ತೆಗೆದು ಇದನ್ನು ಹಾಕಿದೆ. ಮೊದಲ ಸಾಲು ಅಂದರೆ ಅಜ್ಜಿ ಅಮ್ಮನ ತಾಯಿ, ಅತ್ತೆ ಅಂದರೆ ಮಾವನ ಹೆಂಡತಿ, ಕೊನೆಯ ಸಾಲಿನ :- ಅಂದರೆ 'ಹೀಗಿದ್ದರೆ':

ತಾಯಿ(ಅಜ್ಜಿ, ಅಮ್ಮ).
ತಾಯಿ(ಅಜ್ಜಿ, ಮಾವ).
ತಾಯಿ(ಅಮ್ಮ, ನಾನು).
ತಾಯಿ(ಅತ್ತೆ, ಮಾವನಮಗಳು).
ಬರಿ(ಅಜ್ಜಿ, ಒಂದನೇಬರಿ).
ಬರಿ(ಅತ್ತೆ, ಎರಡನೇಬರಿ).
ಬರಿ(_ಮಗು, _ಬ) :- ತಾಯಿ(_ತಾ, _ಮಗು), ಬರಿ(_ತಾ, _ಬ).

ಎಸ್‌ಡಬ್ಲ್ಯುಐ-ಪ್ರೊಲಾಗ್ ಎಂಬ ತಂತ್ರಾಂಶ ಉಚಿತ, ಕನ್ನಡ ಅಕ್ಷರವನ್ನೂ ತೆಗೆದುಕೊಳ್ಳುತ್ತದೆ. ಚರಾಂಶದ (ಇನ್ನೂ ಗೊತ್ತಿಲ್ಲದ್ದರ ಜಾಗದಲ್ಲಿ ನಿಲ್ಲುವ) ಹೆಸರು ಇಂಗ್ಲಿಷಿನ ದೊಡ್ಡಕ್ಷರದಿಂದಲೋ ಅಡಿಗೆರೆಯಿಂದಲೋ ಶುರುವಾಗಬೇಕು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲ, ಅದಕ್ಕೇ ಆ ಅಡಿಗೆರೆಗಳು.

ಬರಿ(ನಾನು, _ಬ) ಎಂದು ಕೇಳಿದರೆ ಒಂದನೇಬರಿ ಎನ್ನುತ್ತದೆ. ಮಜಾ ಇರುವುದು ತಿರುಗಿಸಿ ಕೇಳುವುದರಲ್ಲಿ. ಬರಿ(_ಯಾರು, ಒಂದನೇಬರಿ) ಎಂದು ಕೊಟ್ಟು ಅರ್ಧವಿರಾಮ ಒತ್ತುತ್ತಾ ಹೋದರೆ ಅಜ್ಜಿ, ಅಮ್ಮ, ಮಾವ, ನಾನು ಸಾಲಾಗಿ ಬರುತ್ತೇವೆ. ಮಾವನ ಮಗಳು ಬರುವುದಿಲ್ಲ. ಮಾವ ನಮ್ಮ ಬರಿ, ಅವರ ಮಗಳು ಅತ್ತೆಯ ಬರಿ. ಎಲ್ಲ ಸರಿ. ಯಾರನ್ನೂ ಕೇಳದೆ ನಾನೇ ಹೇಳಬಲ್ಲೆ.

ಆಮೇಲೆ ಬೇಕೆಂದೇ ಕೆಡಿಸಿ ನೋಡಿದೆ. ಕೊನೆಯ ಸಾಲಿನಲ್ಲಿ ಬರಿಯನ್ನು ಮುಂದೆ, ತಾಯಿಯನ್ನು ಹಿಂದೆ ಇಟ್ಟೆ. ಅರ್ಥದಲ್ಲಿ ಏನೂ ವ್ಯತ್ಯಾಸವಿಲ್ಲ. ಮೊದಲ ಉತ್ತರವೂ ಸರಿಯಾಗೇ ಬಂತು. ಇನ್ನೊಂದು ಇದೆಯಾ ಎಂದು ಕೇಳಿದ್ದೇ ತಡ, ಸ್ಟ್ಯಾಕ್ (ಮುಗಿಯದ ಕರೆಗಳನ್ನು ನೆನಪಿಡುವ ಜಾಗ) ತುಂಬುವವರೆಗೆ ಓಡಿತು. ಪ್ರೊಲಾಗ್ ಎಡದಿಂದ ಬಲಕ್ಕೆ ಹೋಗುತ್ತದೆ. ಬರಿ ಹುಡುಕಲು ಮತ್ತೆ ಬರಿಯನ್ನೇ ಕರೆದರೆ ತಳ ಸಿಗುವುದಿಲ್ಲ. ಹೆಜ್ಜೆಹೆಜ್ಜೆಯಾಗಿ ತೋರಿಸುವ ಟ್ರೇಸ್ ಹಾಕಿ ನೋಡಿದರೆ ಒಂದೇ ಕರೆ ಆಳಕ್ಕೆ ಇಳಿಯುತ್ತಾ ಹೋಗುವುದು ಕಾಣುತ್ತದೆ. ತರ್ಕದಲ್ಲೇ ಪ್ರೋಗ್ರಾಂ ಬರೆಯುವ ದಾರಿ ಹಾಕಿದವರಲ್ಲಿ ಒಬ್ಬರಾದ ರಾಬರ್ಟ್ ಕೊವಾಲ್ಸ್ಕಿ 1979ರಲ್ಲಿ ಅಲ್ಗಾರಿದಮ್ ಅಂದರೆ ತರ್ಕ ಮತ್ತು ನಿಯಂತ್ರಣ ಎರಡೂ ಸೇರಿದ್ದು ಎಂದು ಬರೆದದ್ದು ಇದನ್ನೇ. ಫೈಲಿನ ಮೇಲೆ ಟೇಬಲ್ ಎಂಬ ಘೋಷಣೆ ಹಾಕಿದರೆ ಈ ಸುತ್ತಾಟ ನಿಲ್ಲುತ್ತದೆ. ಆದರೆ ಕಲಿಯುವವರು ಮೊದಲು ಒಮ್ಮೆ ಸುತ್ತಾಡಿಸಿ ನೋಡುವುದೇ ಒಳ್ಳೆಯದು.

ಉಳಿದ ನೆಂಟರನ್ನೂ, ಯಾರು ಹೆಣ್ಣು ಯಾರು ಗಂಡು ಎಂಬುದನ್ನೂ, ಇಬ್ಬರದು ಒಂದೇ ಬರಿಯಾ ಎಂದು ನೋಡುವ ಒಂದೇಬರಿ ನಿಯಮವನ್ನೂ ಸೇರಿಸಿದೆ. ಮುಂದಿನದು ಮದುವೆಯ ನಿಯಮ:

ಸರಿ(_ಹೆ, _ಗ) :- ಹೆಣ್ಣು(_ಹೆ), ಗಂಡು(_ಗ), \+ ಒಂದೇಬರಿ(_ಹೆ, _ಗ).

ಆ \+ ಅಂದರೆ 'ಸಾಧಿಸಲು ಆಗಲಿಲ್ಲ' ಎಂದಷ್ಟೇ. ಅದನ್ನು ಸಾಲಿನ ಮೊದಲಿಗೆ ತಂದರೆ ಜೋಡಿ ಯಾರೆಂದೇ ಇನ್ನೂ ಗೊತ್ತಿರುವುದಿಲ್ಲ. ಎಲ್ಲೋ ಒಂದೇ ಬರಿಯ ಇಬ್ಬರು ಸಿಕ್ಕಿಬಿಡುತ್ತಾರೆ, ಯಾರಿಗೂ ಮದುವೆಯೇ ಇಲ್ಲ ಎನ್ನುತ್ತದೆ.

ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ, ಪಟ್ಟಿ ಓದಿ ಹೇಳಿದೆ. ಅವರ ಮಗಳು ನನಗೆ ಬರುವುದಿಲ್ಲ, ಮಾವನ ಮಗಳು ಬರುತ್ತಾಳೆ, ಅಲ್ಲಿಗೆ ತಲೆಯಾಡಿಸಿದರು. ಚಿಕ್ಕಪ್ಪನ ಮಗಳ ಹೆಸರು ಬಂದದ್ದೇ, "ಅವಳು ನಿನ್ಗೆ ತಂಗಿ ಅಲ್ವಾ ಮಾರಾಯ!" ಅವಳದು ಅವಳ ತಾಯಿಯ ಬರಿ, ನಮ್ಮದಲ್ಲ. ಬರಿಯ ನಿಯಮ ಅವಳನ್ನು ತಡೆಯುವುದೇ ಇಲ್ಲ. ಅಪ್ಪನ ಅಣ್ಣತಮ್ಮಂದಿರ ಮಕ್ಕಳು ಒಡಹುಟ್ಟಿದವರ ಲೆಕ್ಕ ಎಂಬುದು ಬೇರೆಯೇ ನಿಯಮ. ಪುಸ್ತಕದಿಂದ ತೆಗೆದುಹಾಕಿದ್ದ ಅಪ್ಪ ಹೀಗೆ ವಾಪಸ್ ಬಂದರು.

ಇದೇ ಮನೆಯನ್ನು ಪ್ರೂವರ್9 ಎಂಬ, ಪ್ರಮೇಯ ಸಾಧಿಸುವ ತಂತ್ರಾಂಶಕ್ಕೆ ಕೊಟ್ಟಾಗ ನಿಜವಾದ ಸ್ವಯಂಚಾಲಿತ ತರ್ಕದ ರುಚಿ ಸಿಕ್ಕಿತು. ಅದು ನಾವು ಸಾಧಿಸಬೇಕೆಂದದ್ದನ್ನು ಸುಳ್ಳೆಂದು ಹಿಡಿದು, ಅದರಿಂದ ಒಂದಕ್ಕೊಂದು ತಾಳೆಯಾಗದ ಮಾತು ಹುಟ್ಟುತ್ತದಾ ಎಂದು ಹುಡುಕುತ್ತದೆ. ನಾನು ಮತ್ತು ಮಾವನ ಮಗಳು ಒಂದೇ ಬರಿ ಅಲ್ಲ ಎಂದು ಸಾಧಿಸು ಅಂದೆ. ಆಗಲಿಲ್ಲ. ಇಲ್ಲಿ ಆಗಲಿಲ್ಲ ಅಂದರೆ ಸುಳ್ಳು ಎಂದಲ್ಲ. ಜೊತೆಗೇ ಬರುವ, ಅಂಥ ಮಾತು ಸುಳ್ಳಾಗುವ ಉದಾಹರಣೆ ಹುಡುಕುವ ಮೇಸ್4 ಯಾಕೆಂದು ತೋರಿಸಿತು: ಒಂದನೇಬರಿ, ಎರಡನೇಬರಿ ಎರಡೂ ಒಂದೇ ಎಂದು ಹಿಡಿದು ನನ್ನ ನಿಯಮಗಳನ್ನೆಲ್ಲ ಪಾಲಿಸುವ ಒಂದು ಲೋಕ ಕಟ್ಟಿಕೊಟ್ಟಿತು. ಪ್ರೊಲಾಗ್‌ನಲ್ಲಿ ಬೇರೆ ಹೆಸರು ಅಂದರೆ ಬೇರೆ ವಸ್ತು. ಇಲ್ಲಿ ಅದನ್ನೂ ಬಾಯಿಬಿಟ್ಟು ಹೇಳಬೇಕು. ಎರಡು ಬರಿಗಳೂ ಬೇರೆ, ಒಬ್ಬರಿಗೆ ಒಂದೇ ಬರಿ ಎಂದು ಎರಡು ಸಾಲು ಸೇರಿಸಿದೆ. ಎಂಟರ್ ಒತ್ತುವಷ್ಟರಲ್ಲಿ ಸಾಧಿಸಿ ತೋರಿಸಿತ್ತು.